ಮರ ಎಣಿಸುವವರ ಲೆಕ್ಕದಲ್ಲಿ ಕೊಂಡುಕುರಿಗೆ ಜಾಗವಿಲ್ಲ

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿಗೆ ಕೊಂಡುಕುರಿ ನೋಡಲೆಂದು ಹೋದವರಲ್ಲಿ ಹೆಚ್ಚಿನವರು ಅದನ್ನು ಕಾಣದೆಯೇ ಮರಳುತ್ತಾರೆ. ಇಪ್ಪತ್ತು ಕೆ.ಜಿ. ಆಸುಪಾಸು ತೂಗುವ, ಒಣಹುಲ್ಲಿನ ಬಣ್ಣದ, ಹುಲ್ಲೆಯ ಜಾತಿಯ ಈ ಪ್ರಾಣಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿಯೋ ಮರಿಯ ಜೊತೆಗೋ ಇರುತ್ತದೆ. ಮನುಷ್ಯರ ಸುಳಿವು ಸಿಕ್ಕರೆ ಹುಲ್ಲಿನ ನಡುವೆ ಅಲುಗಾಡದೆ ನಿಂತುಬಿಡುತ್ತದೆ, ತೀರಾ ಹತ್ತಿರ ಹೋದಾಗ ಚಂಗನೆ ನೆಗೆದು ಮಾಯವಾಗುತ್ತದೆ. ನಾಲ್ಕು ಕೊಂಬಿನ ಕಾಡು ಸಸ್ತನಿ ಜಗತ್ತಿನಲ್ಲಿ ಇದೊಂದೇ. ಅದೂ ಗಂಡಿಗೆ ಮಾತ್ರ. ಹಿಂದಿನ ಎರಡು ಕೊಂಬು ಗೇಣಿಗಿಂತ ಗಿಡ್ಡ, ಮುಂದಿನವು ಇನ್ನೂ ಚಿಕ್ಕವು, ದಕ್ಷಿಣದ ಗಂಡುಗಳಲ್ಲಿ ಎಷ್ಟೋ ವೇಳೆ ಬರೀ ಗುಬಟುಗಳು. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇದು ಇಲ್ಲ. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿದೆ. ಬೆಳೆದ ಪ್ರಾಣಿಗಳ ಸಂಖ್ಯೆ ಹತ್ತು ಸಾವಿರಕ್ಕಿಂತ ಕಡಿಮೆ ಎಂಬುದು ಅದರ ಅಂದಾಜು.

ಈ ಪ್ರಾಣಿಯ ಹೆಸರಲ್ಲೇ 2011ರಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿ ಧಾಮ ಘೋಷಣೆಯಾಯಿತು. ವಿಸ್ತೀರ್ಣ 77.24 ಚದರ ಕಿಲೋಮೀಟರ್. ದಾವಣಗೆರೆ ಜಿಲ್ಲೆಯ ಮಟ್ಟಿಗೆ ದೊಡ್ಡ ಸಂಗತಿ ಅದು. ಆದರೂ ರಾಜ್ಯದ ವನ್ಯಜೀವಿಗಳ ಮಾತು ಬಂದಾಗ ನಮ್ಮ ಬಾಯಲ್ಲಿ ಬರುವುದು ಬಂಡೀಪುರ, ನಾಗರಹೊಳೆ, ತಪ್ಪಿದರೆ ಪಕ್ಕದ ಭದ್ರಾ. ಹುಲಿ ಇರುವ ಕಡೆ ದುಡ್ಡು, ಸಫಾರಿ ಜೀಪು, ಕ್ಯಾಮೆರಾ ಎಲ್ಲವೂ ಇವೆ. ಕಣ್ಣಿಗೇ ಬೀಳದ ಇಪ್ಪತ್ತು ಕೆ.ಜಿ. ಪ್ರಾಣಿಯ ಪರವಾಗಿ ಬಜೆಟ್ ಕೇಳುವುದು ಕಷ್ಟ.

ಪ್ರಚಾರದ ಕೊರತೆ ಹೇಗೂ ತುಂಬಿಕೊಳ್ಳಬಹುದಾದ್ದು. ಅದಕ್ಕಿಂತ ಆಳದ ತೊಂದರೆ ಬೇರೆ ಇದೆ. ಕಾಡು ಎಂದರೆ ದಟ್ಟ ಮರ ಎಂದು ಸರ್ಕಾರವೂ ನಂಬಿದೆ, ಪರಿಸರ ದಿನಾಚರಣೆಗೆ ಸಸಿ ಹಿಡಿದು ನಿಲ್ಲುವ ನಾವೂ ನಂಬಿದ್ದೇವೆ. ದಾವಣಗೆರೆ–ಚಿತ್ರದುರ್ಗ ಸೀಮೆಯಲ್ಲಿ ಅಳಿವಿನ ಹಾದಿ ಹಿಡಿದಿರುವ ಜೀವಿಗಳು ಹೆಚ್ಚಿನವು ಬಯಲಿನವು: ಕೊಂಡುಕುರಿ, ತೋಳ, ಎರೆಭೂತವೆಂಬ ದೊಡ್ಡ ಹಕ್ಕಿ, ಹುಲ್ಲಲ್ಲಿ ಮೊಟ್ಟೆಯಿಡುವ ನೆಲದ ಹಕ್ಕಿಗಳು. ಅವು ಬದುಕುವ ನೆಲಕ್ಕೆ ಮಾತ್ರ ನಮ್ಮ ದಫ್ತರದಲ್ಲಿ ಬೆಲೆಯಿಲ್ಲ.

ಈ ಬಯಲು ಹಾಳಾದ ಕಾಡಲ್ಲ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಜಗಳೂರು ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆನೆರಳಿನಲ್ಲಿವೆ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ ಬಂತು. ಕೆಂಪು ಗರಚು, ನಡುನಡುವೆ ಎರೆ, ಅಲ್ಲಲ್ಲಿ ಬಂಡೆಗುಡ್ಡ. ಇಂಥ ಕಡೆ ಮಲೆನಾಡಿನ ಕಾಡು ಬೆಳೆಯುವುದಿಲ್ಲ, ಬೆಳೆಯಬೇಕಾಗಿಯೂ ಇಲ್ಲ. ಇಲ್ಲಿಯದು ಕರಡದ ಹುಲ್ಲು, ನಡುವೆ ದೂರದೂರಕ್ಕೆ ಕಮರ, ದಿಂಡಿಗ, ತುಗ್ಗಲಿ, ಜಾಲಿ, ಬನ್ನಿ. ಪೊದೆಯಲ್ಲಿ ಕಾರೆ, ಕವಳಿ, ಬಂದರಿಕೆ, ಬಾರೆ. ಮಾರ್ಚ್‌ನಲ್ಲಿ ನೋಡಿದರೆ ಸತ್ತ ನೆಲ. ಜುಲೈನಲ್ಲಿ ಎರಡು ಹದ ಮಳೆ ಬಿದ್ದ ಮೇಲೆ ಅದೇ ನೆಲ ಮೊಳಕಾಲುದ್ದ ಹಸಿರು.

ಹಿಂದೆಂದೋ ಇಲ್ಲಿ ದಟ್ಟ ಕಾಡಿತ್ತು, ಜನ ಕಡಿದರು, ದನ ಮೇಯ್ದವು, ಹಾಗಾಗಿ ಬಯಲಾಯಿತು ಎಂಬ ಕಥೆ ನಮ್ಮಲ್ಲಿ ಬಹಳ ಜನರ ತಲೆಯಲ್ಲಿದೆ. ಕೆಲವು ಗುಡ್ಡಗಳ ಮಟ್ಟಿಗೆ ನಿಜವೂ ಇರಬಹುದು. ಆದರೆ ಕೃಷ್ಣಮೃಗವನ್ನು ನೋಡಿ. ದೂರಕ್ಕೆ ಕಾಣುವ ಕಣ್ಣು, ಶತ್ರು ಕಂಡರೆ ಬಯಲಲ್ಲಿ ಓಡಿ ತಪ್ಪಿಸಿಕೊಳ್ಳುವ ಕಾಲು, ಹಿಂಡಿನಲ್ಲಿ ಬದುಕುವ ಅಭ್ಯಾಸ. ಎರೆಭೂತವೆಂದು ನಮ್ಮ ಕಡೆ ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಅದೂ ಸಾಮಾನ್ಯವಾಗಿ ವರ್ಷಕ್ಕೆ ಒಂದು. ಸುತ್ತಲೂ ಬಯಲಾಗಿದ್ದು ಶತ್ರು ದೂರದಿಂದಲೇ ಕಾಣುವಂತಿದ್ದರೆ ಮಾತ್ರ ಈ ಲೆಕ್ಕಾಚಾರ ನಡೆಯುತ್ತದೆ. ಇಂಥ ಮೈಕಟ್ಟು, ಇಂಥ ನಡವಳಿಕೆ ನೂರಿನ್ನೂರು ವರ್ಷದಲ್ಲಿ ರೂಪುಗೊಳ್ಳುವಂಥದ್ದಲ್ಲ. ಮನುಷ್ಯ ಕೊಡಲಿ ಹಿಡಿಯುವ ಎಷ್ಟೋ ಮುಂಚೆ ಇಲ್ಲಿ ಹುಲ್ಲುಗಾವಲಿತ್ತು ಎಂಬುದಕ್ಕೆ ಆ ಪ್ರಾಣಿಗಳ ದೇಹಗಳೇ ಸಾಕ್ಷಿ.

ಇನ್ನೊಂದು ವಿಷಯ ಸುಲಭವಾಗಿ ಮರೆತುಹೋಗುತ್ತದೆ. ಮರ ಇಂಗಾಲವನ್ನು ಕಾಂಡದಲ್ಲಿ ಹಿಡಿದಿಡುತ್ತದೆ, ಕಣ್ಣಿಗೆ ಕಾಣುತ್ತದೆ. ಹುಲ್ಲು ಅದನ್ನು ಬೇರಿನಲ್ಲಿ, ಮಣ್ಣಿನಲ್ಲಿ ಇಡುತ್ತದೆ. ಬೆಂಕಿ ಬಿದ್ದರೂ ಬರ ಬಂದರೂ ನೆಲದೊಳಗಿನದು ಅಲ್ಲೇ ಉಳಿಯುತ್ತದೆ. ಜೆಸಿಬಿ ತಂದು ಅದೇ ನೆಲ ಬಗೆದು ಟ್ರೆಂಚ್ ಹೊಡೆದು ಸಸಿ ನೆಟ್ಟರೆ ಇಂಗಾಲ ಉಳಿಸಿದೆವೆಂದು ಹೇಳಿಕೊಳ್ಳುವುದು ಎಷ್ಟು ಸರಿ?

ಕಾವಲುಗಳ ಜಾಲ

ಮೈಸೂರು ಅರಸರ ಕಾಲದಲ್ಲಿ ಈ ಹುಲ್ಲಿಗೆ ಬೆಲೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಮುಂದೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎಂದು ಹೆಸರಾದ ದನಗಳ ಇಲಾಖೆ, ರಾಜ್ಯದುದ್ದಕ್ಕೂ ಕಾವಲುಗಳನ್ನು, ಅಂದರೆ ದನ ಮೇಯಲು ಮೀಸಲಾದ ಹುಲ್ಲುಗಾವಲುಗಳನ್ನು, ಕಾಯ್ದಿರಿಸಿತ್ತು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಇದ್ದವೆಂದು ಲೆಕ್ಕ. ಫಿರಂಗಿ ಎಳೆದು ಸೈನ್ಯದ ವೇಗಕ್ಕೆ ಹೆಜ್ಜೆ ಹಾಕುವ ಎತ್ತುಗಳು ಹುಟ್ಟಿ ಬೆಳೆದದ್ದು ಈ ಹುಲ್ಲಿನಲ್ಲಿ.

ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ದನ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದವು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಬೀಜ ಕಟ್ಟಿಕೊಳ್ಳುತ್ತಿತ್ತು. ದನಕ್ಕೆಂದು ಮಾಡಿದ ಈ ವ್ಯವಸ್ಥೆ ಕಾಡುಪ್ರಾಣಿಗೂ ಒದಗಿಬಂತು: ವರ್ಷದ ಯಾವುದೇ ತಿಂಗಳಲ್ಲಿ ಒಂದಲ್ಲ ಒಂದು ಕಾವಲು ಗೊಂದಲವಿಲ್ಲದೆ ಖಾಲಿ ಇರುತ್ತಿತ್ತು, ಒಂದರಿಂದ ಇನ್ನೊಂದಕ್ಕೆ ದಾರಿಯೂ ಇತ್ತು. ಇಂದು ವನ್ಯಜೀವಿ ಕಾರಿಡಾರ್ ಎಂದು ಯಾವುದನ್ನು ನಕ್ಷೆಯಲ್ಲಿ ಗೀಚುತ್ತಾರೋ ಅದು ಇಲ್ಲಿ ದನದ ಕಾಲಲ್ಲೇ ಸವೆದ ದಾರಿಯಾಗಿತ್ತು.

ಆ ಜಾಲದಲ್ಲಿ ಈಗ ಉಳಿದಿರುವುದು ಚಿಂದಿ. ಸ್ವಾತಂತ್ರ್ಯಾನಂತರ ಹೆಚ್ಚು ಆಹಾರ ಬೆಳೆಯುವ ಹೆಸರಲ್ಲಿ, ಭೂರಹಿತರಿಗೆ ಹಂಚಿಕೆಯ ಹೆಸರಲ್ಲಿ, ಆಮೇಲೆ ಒತ್ತುವರಿಯಲ್ಲಿ ಹೋದವು. ಬಡವರಿಗೆ ಸಿಕ್ಕ ಎಕರೆಗಳ ಬಗ್ಗೆ ನನಗೆ ತಕರಾರಿಲ್ಲ. ಅದರ ಹೆಸರು ಹೇಳಿಕೊಂಡು ಬಲಾಢ್ಯರು ನುಂಗಿದ ಎಕರೆಗಳದ್ದೇ ಬೇರೆ ಕಥೆ. ಅಮೃತ ಮಹಲ್ ತಳಿಯೂ ಈಗ ಕುಗ್ಗಿದೆ. ಹೊಸದುರ್ಗದ ಗಡಿಯಾಚೆ ಅಜ್ಜಂಪುರದ ತಳಿ ಕೇಂದ್ರದಲ್ಲಿ ಅದನ್ನು ಉಳಿಸುವ ಕೆಲಸ ನಡೆದಿದೆ. ಊರದನವನ್ನೂ ಜೀವವೈವಿಧ್ಯದ ಲೆಕ್ಕಕ್ಕೆ ಸೇರಿಸಬೇಕು. ಹುಲ್ಲು ಹೋದರೆ ಕಾಡುಪ್ರಾಣಿಯಷ್ಟೇ ಅಲ್ಲ, ಆ ಹುಲ್ಲಿಗೇ ಒಗ್ಗಿದ ನಾಟಿ ತಳಿಯೂ ಹೋಗುತ್ತದೆ.

ಚಳ್ಳಕೆರೆಯ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದೇ, ಆದರೂ ಅಂಕಿಗಳನ್ನು ಒಂದು ಕಡೆ ಇಟ್ಟು ನೋಡುವುದು ಒಳ್ಳೆಯದು. 2007ರಿಂದೀಚೆಗೆ ಕೆಲವೇ ವರ್ಷಗಳಲ್ಲಿ ವರವು ಕಾವಲು, ಖುದಾಪುರ, ಉಳ್ಳಾರ್ತಿ ಕಾವಲುಗಳ ನೆಲ ಬೇರೆ ಬೇರೆ ಸಂಸ್ಥೆಗಳ ಕೈಗೆ ಹೋಯಿತು. ಡಿಆರ್‌ಡಿಒಗೆ (ರಕ್ಷಣಾ ಸಂಶೋಧನಾ ಸಂಸ್ಥೆ) 4,290 ಎಕರೆ, ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573, ಇದರ ಮೇಲೆ ಒಂದು ಸೌರ ಯೋಜನೆಗೆ 1,250. ಒಟ್ಟು ಹತ್ತು ಸಾವಿರ ಎಕರೆಗೆ ಹತ್ತಿರ. ಸುತ್ತಲಿನ ಹಳ್ಳಿಗಳ ಜನರಿಗೆ, ಕುರಿಗಾಹಿಗಳಿಗೆ, ಕಂಬಳಿ ನೇಯುವವರಿಗೆ ವಿಷಯ ಸರಿಯಾಗಿ ಗೊತ್ತಾದದ್ದು ಕಾಂಪೌಂಡ್ ಗೋಡೆ ಏಳತೊಡಗಿದಾಗ. ಪ್ರಕರಣ ಹಸಿರು ನ್ಯಾಯಮಂಡಳಿಗೆ ಹೋಗಿ 2014ರ ಆಗಸ್ಟ್‌ನಲ್ಲಿ ತೀರ್ಪೂ ಬಂತು, ಯೋಜನೆಗಳು ನಿಲ್ಲಲಿಲ್ಲ. 2017ರಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆ ಉಡಾವಣಾ ವಾಹನ 2023ರ ಏಪ್ರಿಲ್‌ನಲ್ಲಿ, ಮತ್ತೆ 2024ರಲ್ಲಿ ಎರಡು ಬಾರಿ ಇದೇ ನೆಲದಲ್ಲಿ ತಾನಾಗಿ ಇಳಿಯಿತು. ಚಿತ್ರದುರ್ಗದ ಹೆಸರು ಟಿವಿಯಲ್ಲಿ ಕೇಳಿ ಖುಷಿಪಟ್ಟವರಲ್ಲಿ ನಾನೂ ಒಬ್ಬ.

ವಿಜ್ಞಾನಕ್ಕೆ ಜಾಗ ಬೇಕು, ಒಪ್ಪೋಣ. ಹತ್ತು ಸಾವಿರ ಎಕರೆ ಒಟ್ಟಾಗಿ ಸಿಗುವ ಕಡೆ ಯಾಕೆ ಕಾವಲೇ ಆಗಿತ್ತು ಎಂಬುದನ್ನೂ ಕೇಳಬೇಕು. ಖಾಸಗಿ ಜಮೀನಾದರೆ ಪರಿಹಾರ ಕೊಡಬೇಕು, ಅಧಿಸೂಚಿತ ಅರಣ್ಯವಾದರೆ ದಿಲ್ಲಿಯ ಒಪ್ಪಿಗೆ ಬೇಕು. ಕಾವಲು ಎರಡೂ ಅಲ್ಲದ ನಡುವಿನ ನೆಲ, ಹಾಗಾಗಿ ಒಂದು ಆದೇಶದಲ್ಲಿ ಮುಗಿಯುತ್ತದೆ. ಒಂದು ಸಂಸ್ಥೆಗೆ ಕೊಟ್ಟರೆ ಅಷ್ಟೇನೂ ಅನ್ನಿಸುವುದಿಲ್ಲ, ನಾಲ್ಕೈದಕ್ಕೆ ಅಕ್ಕಪಕ್ಕದಲ್ಲೇ ಕೊಟ್ಟು ಎಲ್ಲರೂ ಗೋಡೆ ಹಾಕಿದಾಗ ಆಗುವ ಪರಿಣಾಮವನ್ನು ಒಟ್ಟಿಗೆ ಅಳೆಯುವವರು ಯಾರೂ ಇರಲಿಲ್ಲ. ಗೋಡೆಯೊಳಗೆ ಹುಲ್ಲು ಉಳಿದಿರಬಹುದು. ಆದರೆ ಕೃಷ್ಣಮೃಗಕ್ಕೂ ತೋಳಕ್ಕೂ ಬೇಕಾದದ್ದು ಹುಲ್ಲಿನ ಜೊತೆಗೆ ಓಡಾಟ.

ನೆಟ್ಟ ಮರದಿಂದ ಆದ ಹಾನಿ

ದಾವಣಗೆರೆಯಿಂದ ಹರಿಹರ ದಾಟಿ ತುಂಗಭದ್ರೆಯ ಆಚೆ ಹೋದರೆ ರಾಣೆಬೆನ್ನೂರು. ಅಲ್ಲಿನ ಕೃಷ್ಣಮೃಗ ಧಾಮ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್. ಕೃಷ್ಣಮೃಗ ಮತ್ತು ಎರೆಭೂತ ಎರಡಕ್ಕೂ ಹೆಸರಾಗಿದ್ದ ಜಾಗ. ಅದರ ಬಹುಪಾಲಿನಲ್ಲಿ ಇರುವುದು ನೀಲಗಿರಿ ತೋಪು! ಬಯಲು ಬೇಡುವ ಹಕ್ಕಿಯ ಧಾಮದಲ್ಲಿ ಸಾಲುಸಾಲು ಮರ ನೆಟ್ಟರೆ ಹಕ್ಕಿ ಏನು ಮಾಡಬೇಕು? ಎರೆಭೂತ ಅಲ್ಲಿಂದ ಹೋಯಿತು. ಕೃಷ್ಣಮೃಗ ಉಳಿಯಿತು, ಸಂಖ್ಯೆಯೂ ಸಾವಿರಾರು ಆಯಿತು, ಆದರೆ ಮೇವಿಗೆ ಸುತ್ತಲಿನ ಹೊಲಗಳಿಗೆ ಇಳಿದು ರೈತರ ಶಾಪಕ್ಕೆ ಗುರಿಯಾಯಿತು. ಒಂದು ಪ್ರಾಣಿ ಹೊಂದಿಕೊಂಡು ಬದುಕಿತು, ಇನ್ನೊಂದಕ್ಕೆ ಆಗಲಿಲ್ಲ. ಐಯುಸಿಎನ್ ಪಟ್ಟಿಯಲ್ಲಿ ಇಂದು ಕೃಷ್ಣಮೃಗ ಹೆಚ್ಚು ಚಿಂತೆ ಬೇಡದ ಸಾಲಿನಲ್ಲಿದೆ, ಎರೆಭೂತ ತೀವ್ರ ಅಪಾಯದ ಸಾಲಿನಲ್ಲಿ. ಇಡೀ ಜಗತ್ತಿನಲ್ಲಿ ಅದರ ಸಂಖ್ಯೆ ನೂರೈವತ್ತರ ಆಸುಪಾಸು, ಬಹುತೇಕ ಎಲ್ಲವೂ ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಕಡೆಯ ಆಸೆ ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಕಾಣುತ್ತಿದ್ದ ಬೆರಳೆಣಿಕೆಯ ಹಕ್ಕಿಗಳ ಮೇಲೆ.

ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕಾರಣ ಅಂತರ್ಜಲ. ಹುಲ್ಲುಗಾವಲಿನ ಮಾತು ಆಗಲೂ ಮುಂದೆ ಬರಲಿಲ್ಲ. ಈಗ ನೀಲಗಿರಿಯ ಬದಲು ಹೊಂಗೆ, ಬೇವು, ಹೊಳೆಮತ್ತಿ ನೆಡುತ್ತಾರೆ. ದೇಸಿ ಮರ ಅಂದಕೂಡಲೇ ಎಲ್ಲರಿಗೂ ಸಮಾಧಾನ. ಹುಲ್ಲಿಗೆ ಬೇಕಾದದ್ದು ಬಿಸಿಲು, ಅದರ ತಲೆಯ ಮೇಲೆ ನೆರಳು ಹರಡಿದ ಮರ ದೇಸಿಯೋ ವಿದೇಶಿಯೋ ಅದಕ್ಕೆ ಒಂದೇ. ಎಲ್ಲೋ ರಸ್ತೆಗೆ, ಗಣಿಗೆ ಕಾಡು ಹೋದರೆ ಅದಕ್ಕೆ ಬದಲಾಗಿ ಮರ ಬೆಳೆಸುವ ಪರಿಹಾರ ಅರಣ್ಯೀಕರಣದ ದುಡ್ಡು ಬಂದು ಬೀಳುವುದೂ ಹೆಚ್ಚಾಗಿ ಇಂಥ ಬಯಲಿನ ಮೇಲೆಯೇ. ಅಲ್ಲಿ ಒಂದು ಕಾಡು ಹೋಯಿತು, ಇಲ್ಲಿ ಒಂದು ಹುಲ್ಲುಗಾವಲು ಹೋಯಿತು, ಕಾಗದದ ಮೇಲೆ ನಷ್ಟ ಸೊನ್ನೆ. ಇದರ ಜೊತೆಗೆ ಬಳ್ಳಾರಿ ಜಾಲಿ. ಯಾರೂ ನೆಡದಿದ್ದರೂ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲವನ್ನೂ ಅದು ಹಿಡಿದುಕೊಂಡಿದೆ. ಸೌದೆಗೆ ಆಗುತ್ತದೆ ಎಂಬುದೊಂದೇ ಉಪಕಾರ.

ದಫ್ತರದ ಲೆಕ್ಕ

ಕೇಂದ್ರ ಸರ್ಕಾರ ಪ್ರಕಟಿಸುವ ಬಂಜರುಭೂಮಿ ಭೂಪಟದಲ್ಲಿ ಕುರುಚಲು, ಹುಲ್ಲುಗಾವಲುಗಳ ಬಹುಭಾಗ ಬಂಜರು ಎಂದೇ ದಾಖಲಾಗಿದೆ. ಹಾಗೆ ದಾಖಲಾದ ನೆಲ ಸೌರ ಫಲಕಕ್ಕೆ, ಗಾಳಿಯಂತ್ರಕ್ಕೆ, ಕೈಗಾರಿಕಾ ವಲಯಕ್ಕೆ ಮೊದಲ ಆಯ್ಕೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳು, ಪಕ್ಕದ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯ ಸೌರ ಪಾರ್ಕು. ಕಲ್ಲಿದ್ದಲಿಗಿಂತ ಅದು ವಾಸಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಗಾಳಿಯಂತ್ರದ ಜೊತೆಗೆ ಪ್ರತಿ ಗುಡ್ಡದ ನೆತ್ತಿಗೂ ರಸ್ತೆ ಹೋಗುತ್ತದೆ, ವಿದ್ಯುತ್ ತಂತಿ ಹೋಗುತ್ತದೆ. ಎರೆಭೂತದ ಸಾವಿಗೆ ವಿದ್ಯುತ್ ತಂತಿ ದೊಡ್ಡ ಕಾರಣವೆಂದೇ ಸುಪ್ರೀಂ ಕೋರ್ಟ್ 2021ರಲ್ಲಿ ರಾಜಸ್ಥಾನ, ಗುಜರಾತಿನ ತಂತಿಗಳ ಬಗ್ಗೆ ಆದೇಶ ಕೊಟ್ಟದ್ದು, 2024ರಲ್ಲಿ ಅದನ್ನು ಸಡಿಲಿಸಿದ್ದು.

ಇದಕ್ಕೆ ವಿರುದ್ಧ ದಿಕ್ಕಿನ ಕೆಲಸವೂ ಆಗಿದೆ. ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಎಂಬ ಇಬ್ಬರು ಸಂಶೋಧಕರು ಉಪಗ್ರಹ ಚಿತ್ರಗಳನ್ನು ಬಳಸಿ ದೇಶದ ಒಣ ಸೀಮೆಯ ಸಹಜ ಬಯಲುಗಳ ನಕ್ಷೆ ಮಾಡಿದರು. ದೇಶದ ನೆಲದ ಹತ್ತನೇ ಒಂದು ಭಾಗ ಇಂಥದ್ದು ಎಂಬುದು ಅವರ ಲೆಕ್ಕ. ಬಂಜರೆಂದು ನಾವು ಬರೆದಿಟ್ಟದ್ದನ್ನೇ ಅವರು ಜೀವಿಗಳ ನೆಲೆಯೆಂದು ಬರೆದರು.

ಕರ್ನಾಟಕದ ಗೋಮಾಳದ ನಿಯಮವನ್ನೂ ಸ್ವಲ್ಪ ನೋಡಬೇಕು. ಭೂಕಂದಾಯ ನಿಯಮದ ಪ್ರಕಾರ ಹಳ್ಳಿಯ ನೂರು ಜಾನುವಾರಿಗೆ ಮೂವತ್ತು ಎಕರೆ ಗೋಮಾಳ ಇರಬೇಕು. ಕೇಳಲು ಚೆನ್ನಾಗಿದೆ. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ಗಣತಿಯಲ್ಲಿ ದನದ ಸಂಖ್ಯೆ ಇಳಿಯಿತು, ಇಳಿದಷ್ಟೂ ಗೋಮಾಳ ಹೆಚ್ಚುವರಿ ಎನಿಸಿಕೊಂಡಿತು, ಹೆಚ್ಚುವರಿಯಾದದ್ದು ಆಶ್ರಯ ನಿವೇಶನಕ್ಕೋ ಸಮುದಾಯ ಭವನಕ್ಕೋ ಬಗರ್ ಹುಕುಂ ಸಾಗುವಳಿಗೋ ಮಂಜೂರಾಯಿತು. ಆ ಗೋಮಾಳದಲ್ಲಿ ಮರಿ ಹಾಕುವ ತೋಳ, ಗೂಡು ಮಾಡುವ ಹಕ್ಕಿ, ಮೊಲ, ನರಿ ಯಾವ ಗಣತಿಯಲ್ಲೂ ಇಲ್ಲ. ಅಧಿಸೂಚನೆಯಾಗದಿದ್ದರೂ ಕಾಡಿನ ಗುಣವಿದೆಯೆಂದು ಅರಣ್ಯವಾಗಿ ಪರಿಗಣಿಸುವ ಡೀಮ್ಡ್ ಅರಣ್ಯದ ವಿಷಯದಲ್ಲೂ ಹಾಗೇ ಆಯಿತು. 9.94 ಲಕ್ಷ ಹೆಕ್ಟೇರ್ ಎಂದು ಮೊದಲು ಗುರುತಿಸಿದ್ದು 2022ರಲ್ಲಿ 3.30 ಲಕ್ಷಕ್ಕೆ ಇಳಿಯಿತು. ಪಟ್ಟಿಯಲ್ಲಿ ಊರುಗಳೂ ಹಳೆಯ ಸಾಗುವಳಿಗಳೂ ಸೇರಿದ್ದವು ಎಂಬ ಸರ್ಕಾರದ ವಾದದಲ್ಲಿ ಸತ್ಯಾಂಶ ಇದೆ. ಹೊರಬಂದ ಆರೂವರೆ ಲಕ್ಷ ಹೆಕ್ಟೇರಿನಲ್ಲಿ ಎಷ್ಟು ಹುಲ್ಲುಗಾವಲಿತ್ತು ಎಂಬ ಪ್ರಶ್ನೆ ಮಾತ್ರ ವಿಧಾನಸೌಧದ ಚರ್ಚೆಯ ವಸ್ತುವಾಗಲಿಲ್ಲ.

ನೀರು ಬರುತ್ತಿದೆ

ಇಷ್ಟು ದಿನ ಈ ಬಯಲನ್ನು ಕಾಪಾಡಿದ್ದು ಕಾನೂನಿಗಿಂತ ಹೆಚ್ಚಾಗಿ ಬರ. ನೀರಿಲ್ಲದ್ದರಿಂದ ಉಳುವವರಿರಲಿಲ್ಲ, ಉಳುವವರಿಲ್ಲದ್ದರಿಂದ ಹುಲ್ಲು ಉಳಿಯಿತು. ಆ ಕಾಲ ಮುಗಿಯುತ್ತ ಬಂದಿದೆ.

ಭದ್ರಾ ಮೇಲ್ದಂಡೆ ಯೋಜನೆ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ನೀರು ಕೊಡುವ ಯೋಜನೆ. ಕೇಂದ್ರ 2023ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಬಿಡುಗಡೆಯ ಜಗಳ ಏನೇ ಇರಲಿ, ಕಾಲುವೆ ಕೆಲಸ ನಡೆದಿದೆ. 1933ರ ನಂತರ ತುಂಬಿರದ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ತುಂಬಿತು. ಜಗಳೂರಿಗೆ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂತು. ಸಾವಿರ ಅಡಿ ಬೋರು ಕೊರೆಸಿ ಸಾಲಗಾರರಾದವರು, ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡವರು ಇರುವ ಸೀಮೆ ಇದು. ಕೊಂಡುಕುರಿಗಾಗಿ ನೀರು ಬೇಡ ಎಂದು ಇಲ್ಲಿ ನಿಂತು ಹೇಳುವ ಎದೆಗಾರಿಕೆ ಯಾರಿಗೂ ಇರಬಾರದು.

ಆದರೆ ನೀರು ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಭದ್ರಾ ಕಾಲುವೆ ಹರಿದ ದಾವಣಗೆರೆ, ಹರಿಹರದ ಕಡೆ ಬತ್ತ, ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದಲ್ಲಿ ವರ್ಷ ವರ್ಷ ಹಬ್ಬುತ್ತಿರುವ ಅಡಿಕೆ, ಖುಷ್ಕಿಯಲ್ಲಿ ಮೆಕ್ಕೆಜೋಳ. ಶೇಂಗಾ, ಸಜ್ಜೆ, ನವಣೆಯ ಹೊಲ ಕೊಯ್ಲಾದ ಮೇಲೆ ತಿಂಗಳುಗಟ್ಟಲೆ ತೆರೆದಿರುತ್ತಿತ್ತು, ಬೇಲಿ ಇರುತ್ತಿರಲಿಲ್ಲ, ಕುರಿ ಮಂದೆಯೂ ಹಾಯುತ್ತಿತ್ತು, ತೋಳವೂ ಹಾಯುತ್ತಿತ್ತು. ಅಡಿಕೆ ತೋಟಕ್ಕೆ ವರ್ಷವಿಡೀ ತಂತಿಬೇಲಿ. ಅದಕ್ಕೆ ಕರೆಂಟು ಕೊಡುವವರೂ ಇದ್ದಾರೆ. ಕಾಲುವೆಯದ್ದೇ ಇನ್ನೊಂದು ತೊಡಕು. ಕಡಿದಾದ ಕಾಂಕ್ರೀಟ್ ಗೋಡೆಯ ಕಾಲುವೆಗೆ ಬಿದ್ದ ಪ್ರಾಣಿ ಹತ್ತಿ ಬರಲಾರದು. ಅಲ್ಲಲ್ಲಿ ಇಳಿಜಾರು ಮೆಟ್ಟಿಲು, ಮಣ್ಣು ಹಾಸಿದ ಅಗಲ ಸೇತುವೆ ಕಟ್ಟುವ ಖರ್ಚು ಇಡೀ ಯೋಜನೆಯ ಮುಂದೆ ಏನೂ ಅಲ್ಲ. ಕಾಲುವೆ ಕಟ್ಟುವಾಗಲೇ ಮಾಡಿದರೆ ಅಗ್ಗ, ಆಮೇಲೆ ಯಾರೂ ಮಾಡುವುದಿಲ್ಲ.

ಕೊಂಡುಕುರಿಯ ಮಟ್ಟಿಗೆ 77 ಚದರ ಕಿಲೋಮೀಟರ್ ಧಾಮದ ಒಳಗಿನದು ಹೇಗೋ ನಡೆಯುತ್ತದೆ. ಸುತ್ತಲಿನ ಹೊಲಗಳು ಬೇಲಿಯಾದರೆ ಅದು ದ್ವೀಪ. ದ್ವೀಪದಲ್ಲಿ ಸಿಕ್ಕಿಕೊಂಡ ಸಣ್ಣ ಸಂಖ್ಯೆಯ ಪ್ರಾಣಿ ಒಂದೇ ರಕ್ತಸಂಬಂಧದಲ್ಲಿ ಮರಿ ಮಾಡುತ್ತ ಹೋಗುತ್ತದೆ, ಒಂದು ಕಾಯಿಲೆ, ಒಂದು ದೊಡ್ಡ ಬೆಂಕಿ ಸಾಕು. ಅದರ ಮೇಲೆ ಊರನಾಯಿಗಳ ಹಿಂಡು. ಹುಲ್ಲಲ್ಲಿ ಅಡಗಿಸಿಟ್ಟ ಮರಿಯನ್ನು ಹುಡುಕಿ ತೆಗೆಯುವುದರಲ್ಲಿ ನಾಯಿಯನ್ನು ಮೀರಿಸುವ ಬೇಟೆಗಾರನಿಲ್ಲ.

ತೋಳ ಮತ್ತು ಕುರಿಗಾಹಿ

ತೋಳದ ಕಥೆ ಬೇರೆ. ಅದಕ್ಕೆ ಧಾಮದ ಗಡಿ ಗೊತ್ತಿಲ್ಲ, ಬಾಳುವುದೆಲ್ಲ ಜನರ ನಡುವೆ. ಐಯುಸಿಎನ್ 2025ರಲ್ಲಿ ಭಾರತದ ತೋಳವನ್ನು ಮೊದಲ ಸಲ ಪ್ರತ್ಯೇಕವಾಗಿ ಅಳೆದು ಅಪಾಯದಂಚಿನ ಸಾಲಿಗೆ ಹಾಕಿತು. ಸಂಖ್ಯೆ ಮೂರು ಸಾವಿರದ ಆಸುಪಾಸು, ಅಂದರೆ ದೇಶದ ಹುಲಿಗಳಿಗಿಂತಲೂ ಕಡಿಮೆ. ಹುಲಿಗೆ ಐವತ್ತಕ್ಕೂ ಹೆಚ್ಚು ಮೀಸಲು ಪ್ರದೇಶಗಳಿವೆ. ತೋಳಕ್ಕೆಂದು ನಮ್ಮ ರಾಜ್ಯದಲ್ಲಿ ಹೇಳಿಕೊಳ್ಳಲು ಇರುವುದು ಮೇಲುಕೋಟೆ, ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದ 332 ಎಕರೆ.

ತೋಳ ತಿನ್ನುವುದು ಹೆಚ್ಚಾಗಿ ಕುರಿ, ಆಡು. ಕುರಿಗಾಹಿಗಳಿಗೆ ಅದರ ಮೇಲೆ ಪ್ರೀತಿ ಇರಲು ಕಾರಣವಿಲ್ಲ. ಹಾಗಿದ್ದೂ ತೋಳ ಉಳಿದಿದ್ದರೆ ಅವರ ನಡುವೆಯೇ ಉಳಿದಿದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸಬೇಡರ ರೊಪ್ಪಗಳಲ್ಲಿ ದನಕುರಿಗಳ ಸುತ್ತ ಮುಳ್ಳಿನ ಬೇಲಿ ಕಟ್ಟಿ, ನಾಯಿ ಸಾಕಿ, ರಾತ್ರಿ ಸರದಿಯಲ್ಲಿ ಕಾಯುವ ಕ್ರಮ ಹಳೆಯದು. ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಇಂದಿಗೂ ಇದ್ದಾರೆ. ಉಳುವುದಕ್ಕೂ ಮಾರುವುದಕ್ಕೂ ಬಳಸದ ಆ ಎತ್ತುಗಳು ಮೇಯಲು ನೆಲ ಬೇಕಲ್ಲ, ಆ ನೆಲವೇ ಕಾವಲು. ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಆಚರಣೆ ಉಳಿಯಬೇಕಾದರೂ ಹುಲ್ಲೇ ಬೇಕು. ತೋಳ ಉಳಿಯಬೇಕಾದರೂ ಅದೇ.

ಮೇಯಿಸುವುದರಿಂದ ನೆಲ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮುಂಚೆ ಹತ್ತು ಕಾವಲು ಸುತ್ತುತ್ತಿದ್ದ ಮಂದೆ ಈಗ ಉಳಿದ ಒಂದರಲ್ಲೇ ವರ್ಷವಿಡೀ ನಿಂತರೆ ಹುಲ್ಲು ಬೇರು ಸಮೇತ ಹೋಗುತ್ತದೆ, ಜಾಗಕ್ಕೆ ಬಂದರಿಕೆ, ತಂಗಡಿ ಬರುತ್ತವೆ. ಇದನ್ನು ತೋರಿಸಿ, ನೋಡಿ ಕುರಿಯವರೇ ಹಾಳು ಮಾಡಿದರು ಎನ್ನುವುದು ಅರ್ಧ ಸತ್ಯ. ಒಂಬತ್ತು ಕಾವಲನ್ನು ಕಿತ್ತುಕೊಂಡವರ ಹೆಸರು ಆ ವಾಕ್ಯದಲ್ಲಿ ಇರುವುದಿಲ್ಲ. ಧಾಮ ಮಾಡಿದಾಗೆಲ್ಲ ಮೊದಲು ಹೊರಗೆ ಹಾಕುವುದು ಕುರಿಗಾಹಿಯನ್ನು. ಹಾಗೆ ಮಾಡಿದ ಕಡೆ ಕುರುಚಲು ದಟ್ಟವಾಗಿ ಬಯಲು ಮುಚ್ಚಿಕೊಳ್ಳುವ ಸಾಧ್ಯತೆಯೂ ಇದೆ, ಸಿಟ್ಟಿಗೆದ್ದ ಊರು ಬೆಂಕಿ ಬಿದ್ದಾಗ ಆರಿಸಲು ಬಾರದಿರುವ ಸಾಧ್ಯತೆಯೂ ಇದೆ.

ಕರಡಿ, ಚಿರತೆಗಳ ಬಗ್ಗೆ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ, ಇಲ್ಲಿ ಉದ್ದ ಬೇಡ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ 2015ರಲ್ಲಿ ನೂರು ಚದರ ಕಿಲೋಮೀಟರಿನ ವನ್ಯಜೀವಿ ಧಾಮವಾಗಿ ಒಂದಷ್ಟು ಆಸರೆ ಸಿಕ್ಕಿದೆ. ಬಂಡೆ ಸಿಡಿಸಿ ಗವಿ ಕೆಡಿಸಿದರೆ ಕರಡಿ ಶೇಂಗಾ ಹೊಲಕ್ಕೆ, ಊರಿನ ದೇವಸ್ಥಾನದ ಎಣ್ಣೆಗೆ ಬರುತ್ತದೆ, ಅಷ್ಟೇ.

ಆಗಬಹುದಾದದ್ದು

ಎಲ್ಲ ಕಾವಲನ್ನೂ ಅಭಯಾರಣ್ಯ ಮಾಡುವುದು ಆಗದ ಮಾತು, ಆಗಲೂಬಾರದು. ವನ್ಯಜೀವಿ ಕಾಯ್ದೆಯಲ್ಲಿ 2002ರ ತಿದ್ದುಪಡಿಯ ನಂತರ ಸಂರಕ್ಷಣಾ ಮೀಸಲು ಎಂಬ ದಾರಿಯಿದೆ. ಸರ್ಕಾರಿ ನೆಲವನ್ನು ಸ್ಥಳೀಯರ ಜೊತೆ ಮಾತಾಡಿ ಕಾಯ್ದಿರಿಸುವುದು, ಅವರ ಹಕ್ಕುಗಳನ್ನು ಕಸಿಯದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಹೀಗೆ ಮೀಸಲಾಯಿತು. 736 ಹೆಕ್ಟೇರ್ ಅಷ್ಟೇ, ಆದರೂ ಅಲ್ಲಿ ಕೃಷ್ಣಮೃಗವೂ ಇದೆ, ಅಮೃತ ಮಹಲ್ ದನವೂ ಇದೆ. ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲು ವರ್ಷಗಟ್ಟಲೆ ಜಗ್ಗಾಟದ ನಂತರ 2024ರಲ್ಲಿ ಮೀಸಲಾಯಿತು, ಐದು ಸಾವಿರಕ್ಕೂ ಹೆಚ್ಚು ಎಕರೆ. ಹೆಸರಘಟ್ಟಕ್ಕಾಗಿ ದನಿ ಎತ್ತಲು ರಾಜಧಾನಿಯ ಪಕ್ಷಿವೀಕ್ಷಕರಿದ್ದರು, ವಕೀಲರಿದ್ದರು. ಬಾಸೂರಿನ ಮಾದರಿ ಹೊಸದುರ್ಗ, ಹಿರಿಯೂರು, ಚಳ್ಳಕೆರೆಗಳಲ್ಲಿ ಉಳಿದಿರುವ ಕಾವಲುಗಳಿಗೆ ಹೊಂದುತ್ತದೆ. ತೊಡಕಿರುವುದು ಒಡೆತನದಲ್ಲಿ. ಅಮೃತ ಮಹಲ್ ಕಾವಲು ಪಶುಸಂಗೋಪನೆಯವರದ್ದು, ಗೋಮಾಳ ಕಂದಾಯದವರದ್ದು, ಗುಡ್ಡ ಅರಣ್ಯದವರದ್ದು. ಮೂವರೂ ಒಂದು ಮೇಜಿಗೆ ಬರುವುದು ಜಿಲ್ಲಾಧಿಕಾರಿ ಕರೆದಾಗ ಮಾತ್ರ.

2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಸಮುದಾಯ ಹಕ್ಕನ್ನೂ ಕೊಡುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯದ ದಾಖಲಾತಿ ಪುಸ್ತಕ ಇರಬೇಕು. ಅದರಲ್ಲಿ ಔಷಧಿ ಗಿಡಗಳ ಪಟ್ಟಿ ತುಂಬಿಸಿ ಮುಗಿಸದೆ, ಯಾವ ಗೋಮಾಳದಲ್ಲಿ ತೋಳದ ಬಿಲವಿದೆ, ಯಾವ ಹಳ್ಳದಲ್ಲಿ ಬೇಸಿಗೆಗೂ ನೀರಿರುತ್ತದೆ, ಯಾವ ದಾರಿಯಲ್ಲಿ ಮಂದೆ ನಡೆಯುತ್ತದೆ ಎಂದು ಸರ್ವೆ ನಂಬರ್ ಸಮೇತ ಬರೆಸಿದರೆ, ನಾಳೆ ಆ ಸರ್ವೆ ನಂಬರನ್ನು ಯಾರಿಗಾದರೂ ಮಂಜೂರು ಮಾಡುವಾಗ ಏನೂ ಇಲ್ಲದ ನೆಲ ಎಂದು ಷರಾ ಬರೆಯುವುದು ತಹಶೀಲ್ದಾರರಿಗೆ ಅಷ್ಟು ಸುಲಭವಾಗುವುದಿಲ್ಲ. ಬರೆಸಬಲ್ಲವರು ಕುರಿಗಾಹಿಗಳು. ಅವರನ್ನು ಆ ಸಮಿತಿಗೆ ಸೇರಿಸಿಕೊಂಡ ಪಂಚಾಯಿತಿಗಳು ಎಷ್ಟಿವೆ ಎಂದು ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಕೇಳಬಹುದು.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಇಂಥ ವರ್ಷಗಳಲ್ಲಿ ಬ್ಯಾನರ್ ಕಟ್ಟುವುದು, ವಿಚಾರಗೋಷ್ಠಿ ಮಾಡುವುದು ನಮಗೆ ಅಭ್ಯಾಸ. ಈ ಸಲ ಜಿಲ್ಲಾಡಳಿತಕ್ಕೆ ಕೇಳಬಹುದಾದ್ದು ಎರಡೇ ಎರಡು: ಉಳಿದ ಕಾವಲು, ಗೋಮಾಳಗಳ ಗಡಿಯನ್ನು ಸರ್ವೆ ಮಾಡಿಸಿ ಕಲ್ಲು ನೆಡಿಸುವುದು, ಮತ್ತು ಮುಂಗಾರಿನ ಸಸಿ ನೆಡುವ ಗುರಿಯಿಂದ ಅವುಗಳನ್ನು ಹೊರಗಿಡುವುದು. ಎರಡನೆಯದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಗುಂಡಿ ತೋಡುವ ಗುತ್ತಿಗೆದಾರರನ್ನು ಬಿಟ್ಟರೆ ವಿರೋಧಿಸುವವರೂ ಹೆಚ್ಚಿಲ್ಲ.